ಒಂದು ಹಣ್ಣು ಕಡಿಮೆ

ಮೊನ್ನೆ ಹಗರಿಬೊಮ್ಮನಹಳ್ಳಿ ಬಸ್ ಸ್ಟ್ಯಾಂಡಿನ ಎದುರು ತಳ್ಳುಗಾಡಿಯಿಂದ ಒಂದು ದಾಳಿಂಬೆ ಎತ್ತಿಕೊಂಡು, ಬೆರಳ ಗೆಣ್ಣಿನಿಂದ ಟಕ್ಕನೆ ಬಡಿದು ಕಿವಿಗೆ ಹಿಡಿದೆ. ಗಾಡಿಯವನು ತಕ್ಕಡಿ ಬಿಟ್ಟು ನನ್ನನ್ನೇ ನೋಡಿ, "ಯಾರದರಿ ಫೋನು?" ಎಂದ. ಪಕ್ಕದಲ್ಲಿದ್ದ ಹೆಂಗಸೊಬ್ಬರು ತಮ್ಮ ಚೀಲವನ್ನು ನನ್ನಿಂದ ತುಸು ದೂರ ಸರಿಸಿಕೊಂಡರು. ನಿಮಗೂ ನನ್ನ ಮೇಲೆ ಅನುಮಾನ ಬಂದಿದ್ದರೆ ತಪ್ಪಲ್ಲ. ತೆಂಗಿನಕಾಯಿ ಬಡಿದು ನೋಡುವವರಿದ್ದಾರೆ, ಕಲ್ಲಂಗಡಿ ಬಡಿದು ನೋಡುವವರಿದ್ದಾರೆ. ಅವರೆಲ್ಲ ಒಳಗೆ ಹಣ್ಣು ಹೇಗಿದೆ ಎಂದು ಕೇಳುತ್ತಾರೆ. ನಾನು ಮಾತ್ರ ಇದು ಹಣ್ಣೇ ಹೌದೇ ಎಂದು ಕೇಳುತ್ತೇನೆ.

ಈ ಚಟ ಹತ್ತಿಸಿದ್ದು ನಮ್ಮ ತಂಬ್ರಹಳ್ಳಿ ದೊಡ್ಡವ್ವ. ನನ್ನ ತಾಯಿಯ ಅಕ್ಕ, ಹೆಸರು ಕೊಟ್ರಮ್ಮ. ದೊಡ್ಡಪ್ಪ ತೀರಿಕೊಂಡ ಮೇಲೆ ದಾಳಿಂಬೆ ತೋಟದಲ್ಲಿ ಅವಳದೇ ಆಳ್ವಿಕೆ. ಅವಳ ದನಿ ಊರ ಪಕ್ಕದ ಅಣೆಕಟ್ಟಿನ ಹಿನ್ನೀರಿನ ಈ ದಂಡೆಯಲ್ಲಿ ಎದ್ದರೆ ಆ ದಂಡೆಯ ಕೊಕ್ಕರೆ ಹಾರಬೇಕು. ಬಸ್ಸಿನ ಕಂಡಕ್ಟರು, ಕರೆಂಟಿನವರು, ಔಷಧಿ ಅಂಗಡಿಯವರು, ಎಲ್ಲರ ಜೊತೆಗೂ ಅವಳಿಗೆ ಮಾತುಂಟು. ಮಾತಿಲ್ಲದ್ದು ಒಬ್ಬರ ಜೊತೆ ಮಾತ್ರ, ಅದು ಅವಳ ಒಡಹುಟ್ಟಿದ ತಮ್ಮ, ನನ್ನ ಸೋದರಮಾವ ಮೈಲಾರಪ್ಪ.

ಮಾವನದು ಒಂದು ಟೆಂಪೋ. ಅಕ್ಕನ ಹಣ್ಣನ್ನು ತಂಬ್ರಹಳ್ಳಿಯಿಂದ ಹರಪನಹಳ್ಳಿಯ ವ್ಯಾಪಾರಿಗೆ ಮುಟ್ಟಿಸುವುದು ಅವನ ಕೆಲಸ. ವ್ಯಾಪಾರಿ ಪ್ರತಿ ಸಲವೂ ಹಣ್ಣಿಗೆ ಪೆಟ್ಟು ಬಿದ್ದಿದೆ ಎನ್ನುತ್ತಿದ್ದ. ಪೆಟ್ಟು ಬಿದ್ದ ದಾಳಿಂಬೆ ಹೊರಗೆ ಏನೂ ಹೇಳುವುದಿಲ್ಲ, ಒಳಗೆ ಕಾಳು ಕಂದಿ ಕೂತಿರುತ್ತದೆ. ಒಂದು ಸಲ ಮದುವೆ ಪಂಕ್ತಿಯಲ್ಲಿ, ಎಲ್ಲರೂ ಕೂತಲ್ಲೇ, ದೊಡ್ಡವ್ವ "ಇವನು ಗಾಡಿ ಹೊಡಿಯೋದು ನೋಡಿದ್ರ ಹಿಂದ ಪೊಲೀಸ್ರು ಬೆನ್ನು ಹತ್ಯಾರ ಅನಸ್ತೈತಿ" ಎಂದಳು. ಮಾವ ಅನ್ನ ಕಲಸುತ್ತಲೇ, "ಒಣ ಮೆಣಸಿನಕಾಯಿ ಚೀಲ ತುಳದಂಗ ಹಣ್ಣು ತುಂಬಿದ್ರ ಗಾಡಿ ಏನ್ ಮಾಡತೈತಿ" ಎಂದ. ಪಾಯಸ ಬರುವ ಹೊತ್ತಿಗೆ ಇಬ್ಬರ ಮಾತೂ ನಿಂತಿತ್ತು.

ಮಾತು ನಿಂತರೂ ವ್ಯವಹಾರ ನಿಲ್ಲಲಿಲ್ಲ. ಬೇರೆ ಗಾಡಿ ಕರೆದರೆ ಜನ ಏನೆಂದಾರು ಎಂಬ ಮರ್ಯಾದೆ ಇಬ್ಬರಿಗೂ ಇತ್ತು. ಹಾಗಾಗಿ ನಡುವೆ ನಾನು ಬೇಕಾದೆ. ಬಸ್ ಸ್ಟ್ಯಾಂಡಿನ ಹತ್ತಿರ ಜೆರಾಕ್ಸ್ ಅಂಗಡಿ ಇಟ್ಟುಕೊಂಡಿರುವ ನನಗೆ, ಒಬ್ಬರದನ್ನು ಇನ್ನೊಬ್ಬರಿಗೆ ಇದ್ದ ಹಾಗೇ ಒಪ್ಪಿಸುವ ಅಭ್ಯಾಸ ವೃತ್ತಿಯಿಂದಲೇ ಬಂದಿದೆ ಎಂದು ಮನೆಯವರ ನಂಬಿಕೆ. ಮಾವ ಅಕ್ಕನ ಎದುರಿಗೇ ನಿಂತಿರುತ್ತಿದ್ದ. ದೊಡ್ಡವ್ವ ನನಗೆ ಫೋನು ಮಾಡಿ, "ಗಾಡಿ ನೆಳ್ಳಿಗೆ ಹಚ್ಚು ಅಂತ ಅವನಿಗೆ ಹೇಳು" ಎನ್ನುತ್ತಿದ್ದಳು. ನಾನು ಹೇಳುವ ಮೊದಲೇ ಗಾಡಿ ನೆರಳಿಗೆ ಹೋದ ಸದ್ದು ಫೋನಿನಲ್ಲಿ ಕೇಳುತ್ತಿತ್ತು.

ಕಡೆಗೊಂದು ದಿನ ದೊಡ್ಡವ್ವ ತೀರ್ಪು ಕೊಟ್ಟಳು. "ಈ ಸಲಾನೂ ಪೆಟ್ಟು ಅಂತ ಬಂದ್ರ, ತೆಲಿಗಿಯಿಂದ ಬ್ಯಾರೆ ಗಾಡಿ ಕರಸ್ತೀನಿ. ಅವನಿಗೆ ಹೇಳು." ಇದನ್ನು ಹೇಳುವಾಗ ನನ್ನ ನಾಲಗೆಯೂ ತಡವರಿಸಿತು. ಗಾಡಿ ತಪ್ಪಿದರೆ ಅಕ್ಕ ತಮ್ಮಂದಿರ ನಡುವೆ ಇನ್ನು ಉಳಿಯುವುದು ಸಂಬಂಧದ ಹೆಸರು ಮಾತ್ರ. ಮಾವ ಕೇಳಿಸಿಕೊಂಡ, ಟೈರಿಗೆ ಒಮ್ಮೆ ಒದ್ದ, "ಆತು" ಎಂದ.

ಅದೇ ವಾರ ನನ್ನ ಅಂಗಡಿಗೆ ವೀಣಾ ಬಂದಳು. ಹಡಗಲಿ ಕಡೆಯ ಹುಡುಗಿ, ದೂರದ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಿದ್ದಳು. ಹಣ್ಣು ತೋಟದಿಂದ ಪೇಟೆಗೆ ಹೋಗುವಾಗ ಎಲ್ಲಿ, ಎಷ್ಟು ಏಟು ತಿನ್ನುತ್ತದೆ ಎನ್ನುವುದೇ ಅವಳ ವಿಷಯ. ದಾಳಿಂಬೆ ಬೆಳೆಯುವವರು ಯಾರಾದರೂ ಗೊತ್ತೇ ಎಂದು ಕೇಳಿದಳು. ನಮ್ಮ ಮನೆಯ ಜಗಳಕ್ಕೆ ಸರ್ಕಾರ ವಿದ್ಯಾರ್ಥಿವೇತನ ಕೊಟ್ಟು ಒಬ್ಬರನ್ನು ಕಳಿಸಿದೆಯಲ್ಲ ಎಂದು ನನಗೆ ಅಭಿಮಾನ ಉಕ್ಕಿ ಬಂತು. ಅಂಗಡಿ ಮುಚ್ಚಿ ಅವಳನ್ನು ತಂಬ್ರಹಳ್ಳಿಗೆ ಕರೆದುಕೊಂಡು ಹೋದೆ.

ದೊಡ್ಡವ್ವ ಮಂಡಕ್ಕಿ ಮಿರ್ಚಿ ಹಾಕಿಕೊಟ್ಟು ವಿಚಾರಣೆ ಶುರು ಮಾಡಿದಳು. ವೀಣಾ ಹೇಳಿದಳು: "ನಮ್ಮ ಲ್ಯಾಬಿನ್ಯಾಗ ಮೂರು ಥರದ ಮಂದಿ ಅದೀವಿ ಅಮ್ಮ. ನಾನು ಹಣ್ಣು ಹಿಚುಕಾಕಿ. ಇನ್ನೊಬ್ಬ ಮನಷ್ಯಾರಿಗೆ ಹಚ್ಚಾಕ ಚರ್ಮ, ಎಲುಬು ತಯಾರ ಮಾಡಿ, ಎಳದು ಬಗ್ಗಿಸಿ ನೋಡತಾನ. ಮತ್ತೊಬ್ಬಾಕಿ ಭೂಮಿ ಆ ತುದಿಗೆ ಸಾವಿರಾರು ವರ್ಷದಿಂದ ಹೆಪ್ಪುಗಟ್ಟಿದ ಮಣ್ಣು ತಂದು ಇಟಗೊಂಡಾಳ. ಮೂರೂ ಮಂದಿಗೆ ಒಂದ ಫ್ರಿಜ್ಜು."

ದೊಡ್ಡವ್ವನಿಗೆ ಚರ್ಮ, ಎಲುಬು ಏನೂ ಅನ್ನಿಸಲಿಲ್ಲ. ಮಣ್ಣು ಹೆಪ್ಪುಗಟ್ಟುವುದು ಮಾತ್ರ ಗಂಟಲಿನಲ್ಲಿ ಇಳಿಯಲಿಲ್ಲ. ನಮ್ಮ ಕಡೆ ಮಣ್ಣು ಬಿರಿಯುತ್ತದೆ, ಕಾಲು ಸುಡುತ್ತದೆ, ಕಣ್ಣಿಗೆ ಹಾರುತ್ತದೆ. "ಹಂಗಾರ ಅಲ್ಲಿ ಬೋರು ಹೆಂಗ ಹೊಡಸ್ತಾರವ್ವಾ?" ಎಂದಳು. ಬೋರಿನ ಚಿಂತೆ ಅಲ್ಲಿಯವರಿಗಿಲ್ಲ, ಈಗ ಭೂಮಿ ಬಿಸಿಯಾಗಿ ಆ ಮಣ್ಣು ಕರಗುತ್ತಿರುವುದೇ ದೊಡ್ಡ ಚಿಂತೆ, ಕರಗಿದರೆ ಒಳಗೆ ಹಿಡಿದಿಟ್ಟುಕೊಂಡ ಹಳೆಯ ಗಾಳಿ, ಹಳೆಯ ಕೊಳಕು ಎಲ್ಲಾ ಹೊರಗೆ ಬರುತ್ತದೆ ಎಂದು ವೀಣಾ ವಿವರಿಸಿದಳು. "ಹಂಗಾರ ಹೆಪ್ಪುಗಟ್ಟಿದ್ದ ಚೊಲೋ ಬಿಡು" ಎಂದು ದೊಡ್ಡವ್ವ ಟೆಂಪೋ ನಿಂತ ಕಡೆ ಕಣ್ಣು ಹಾಯಿಸಿದಳು.

ಆಮೇಲೆ ವೀಣಾ ತನ್ನ ಚೀಲದಿಂದ ಒಂದು ದಾಳಿಂಬೆ ತೆಗೆದು ನನಗೊಬ್ಬನಿಗೇ ತೋರಿಸಿದಳು. ಅದು ದಾಳಿಂಬೆಯಲ್ಲ. ಒಳಗೆ ಬ್ಯಾಟರಿ ಮತ್ತು ಏಟು ಅಳೆಯುವ ಯಂತ್ರ, ಹೊರಗೆ ಆ ಎಲುಬು ಚರ್ಮದ ಗೆಳೆಯ ಮಾಡಿಕೊಟ್ಟ ಸಿಪ್ಪೆ. ಬಣ್ಣ, ತೂಕ, ತಲೆಯ ಮೇಲಿನ ಕಿರೀಟ, ಎಲ್ಲವೂ ಹಣ್ಣಿನದೇ. ನಿಜವಾದ ಹಣ್ಣಿಗೆ ಇರುವ ಮಚ್ಚೆ ಗೀರು ಮಾತ್ರ ಇದಕ್ಕಿರಲಿಲ್ಲ. ಯಾವ ಹೊತ್ತಿಗೆ ಎಷ್ಟು ಜೋರಾಗಿ ಏಟು ಬಿತ್ತು ಎಂದು ಅದು ಬರೆದಿಟ್ಟುಕೊಳ್ಳುತ್ತದೆ, ಎಲ್ಲಿ ಬಿತ್ತು ಎನ್ನುವುದನ್ನು ನಾವು ಹೊತ್ತು ನೋಡಿ ಲೆಕ್ಕ ಹಾಕಬೇಕು. ಇಡೀ ವಿಭಾಗಕ್ಕೆ ಇರುವುದು ಅದೊಂದೇ, ಕಳೆದರೆ ತನ್ನ ಓದು ಅಲ್ಲಿಗೇ ಮುಗಿಯಿತು ಎಂದಳು. ಯಾವುದು ಯಂತ್ರ ಎಂದು ತಿಳಿದರೆ ಜನ ಅದೊಂದನ್ನೇ ಮುದ್ದು ಮಾಡುತ್ತಾರೆ, ಅದಕ್ಕೇ ಗುಟ್ಟು.

ಹೀಗಾಗಿ ಅಕ್ಕ ತಮ್ಮಂದಿರಿಗೆ ಗೊತ್ತಿದ್ದದ್ದು ಇಷ್ಟೇ: ಕ್ರೇಟುಗಳಲ್ಲಿ ಎಲ್ಲೋ ಒಂದು ಹಣ್ಣು ಎಲ್ಲವನ್ನೂ ನೆನಪಿಟ್ಟುಕೊಂಡು ಸಾಕ್ಷಿ ಹೇಳುತ್ತದೆ. ಮರುದಿನ ಬೆಳಗ್ಗೆ ತೋಟದಲ್ಲಿ ನಡೆದದ್ದನ್ನು ನೀವು ನೋಡಬೇಕಿತ್ತು. ದೊಡ್ಡವ್ವ ಒಂದೊಂದು ಹಣ್ಣನ್ನೂ ಬಾಣಂತಿ ಕೋಣೆಯ ಕೂಸಿನಂತೆ ಎತ್ತಿ ಮಲಗಿಸಿದಳು. "ದಿನಾ ಮಾಡಿದಂಗ ಮಾಡ್ರಿ ಅಮ್ಮ" ಎಂದು ವೀಣಾ ಗೋಗರೆದರೆ, "ದಿನಾ ಹಿಂಗ ಮಾಡಾದು" ಎಂದಳು. ತೋಟದ ಹೆಣ್ಣಾಳುಗಳು ಸೆರಗು ಬಾಯಿಗೆ ಒತ್ತಿಕೊಂಡರು. ಮಾವನದಂತೂ ಇನ್ನೂ ಚೆಂದ. ಸೀಟಿನ ಮೇಲಿನ ಮೆತ್ತೆಯನ್ನೂ ತೆಗೆದು ಕ್ರೇಟಿನ ಕೆಳಗೆ ಹಾಸಿ, ತಾನು ಬರೀ ತಗಡಿನ ಮೇಲೆ ಕೂತು, ಹೆಣ ಸಾಗಿಸುವ ಗಾಡಿಯಷ್ಟು ಗಂಭೀರವಾಗಿ ಹೊರಟ.

ನಾವು ಮೂವರೂ ಬಸ್ಸಿನಲ್ಲಿ ಹರಪನಹಳ್ಳಿಗೆ ಹೋದೆವು. ಗೆಲುವನ್ನು ಕಣ್ಣಾರೆ ನೋಡಲು ದೊಡ್ಡವ್ವ ಹೊಸ ಸೀರೆ ಉಟ್ಟಿದ್ದಳು. ಬಸ್ಸು ದಾರಿಯಲ್ಲಿ ನಮ್ಮೆಲ್ಲರ ಕಾಳು ಕಂದುವಂತೆ ಎತ್ತೆತ್ತಿ ಹಾಕಿತು. ನಮ್ಮೊಳಗೆ ಯಂತ್ರ ಇಡುವವರು ಯಾರೂ ಇಲ್ಲವಲ್ಲ ಎಂದು ನಾನು ಸೊಂಟ ಹಿಡಿದುಕೊಂಡು ಯೋಚಿಸಿದೆ.

ಟೆಂಪೋ ಬಹಳ ಹೊತ್ತಿನ ಮೇಲೆ ಬಂತು. ಕ್ರೇಟು ಇಳಿಯಿತು, ವೀಣಾ ತಾನು ಗುಟ್ಟಾಗಿ ಹಣ್ಣು ಇಟ್ಟಿದ್ದ ಮೇಲಿನ ಸಾಲಿಗೆ ಕೈ ಹಾಕಿದಳು. ಇನ್ನೊಂದು ಕ್ರೇಟು ನೋಡಿದಳು. ಎಲ್ಲವನ್ನೂ ಸುರಿದು ನೋಡಿದಳು. ಅವಳ ಹಣ್ಣು ಇರಲಿಲ್ಲ. ವ್ಯಾಪಾರಿ ಹಲ್ಲು ಕಡ್ಡಿ ಆಡಿಸುತ್ತ, "ನಿಮ್ಮ ಮಾಲು ಯಾವಾಗ್ಲೂ ಒಂದು ಹಣ್ಣು ಕಮ್ಮಿನೇ ಬರ್ತದಲ್ಲ ಕೊಟ್ರಮ್ಮ, ಇದೇನು ಹೊಸದಾ?" ಎಂದ.

ದೊಡ್ಡವ್ವ ನನ್ನ ಕಡೆ ತಿರುಗಿದಳು. "ನಾ ಹೇಳಿದ್ದಿಲ್ಲೇನು? ದಾರ್ಯಾಗ ತಿಂತಾನ ಅಂತ. ಯಾವತ್ತರ ಕೇಳೀನಾ? ತಿನ್ನಲಿ ಬಿಡು ಅಂದೀನಿ. ಈಗ ಈ ಹುಡುಗಿ ಮಿಷನ್ನೂ ತಿಂದಾನ. ಅವನಿಗೆ ಹೇಳು."

ಮಾವ ಟೆಂಪೋ ಬಾಗಿಲು ಹಿಡಿದುಕೊಂಡು ನೆಲ ನೋಡುತ್ತಿದ್ದ. ಬೈಗುಳ ಅವನಿಗೆ ಹೊಸದಲ್ಲ. ಆದರೆ ವೀಣಾ ಅಲ್ಲೇ ಖಾಲಿ ಕ್ರೇಟಿನ ಮೇಲೆ ಕೂತು ಅಳತೊಡಗಿದಳು. ಅದನ್ನು ಅವನಿಗೆ ನೋಡಲಾಗಲಿಲ್ಲ. "ಅಳಬ್ಯಾಡವ್ವಾ. ಅದು ಕೋಗಳಿ ದಾರ್ಯಾಗ ದುರುಗವ್ವನ ಗುಡ್ಯಾಗ ಐತಿ. ನಾನ ಇಟ್ಟು ಬಂದೀನಿ" ಎಂದ.

ಎಲ್ಲರೂ ಅವನನ್ನೇ ನೋಡಿದೆವು. ಅವನು ನನ್ನನ್ನು ನೋಡಿಕೊಂಡು ಹೇಳಿದ, ಅಭ್ಯಾಸ ಹಾಗಿತ್ತಲ್ಲ. "ಪ್ರತಿ ಟ್ರಿಪ್ಪಿಗೂ ಒಂದು ಹಣ್ಣು ಅಕ್ಕನ ಹೆಸರಿನ್ಯಾಗ ಅಲ್ಲಿ ಇಡತೀನಿ. ಮಾತಾಡ್ಸವಲ್ಲಳು, ಮಾತಾಡ್ಸಂಗ ಮಾಡವ್ವಾ ಅಂತ. ದೇವ್ರಿಗಿ ಕೊಡಾದು ಅಂದ್ಮ್ಯಾಲ ಎಲ್ಲಾದ್ರಾಗ ಚೊಲೋದು ಆರಸ್ತೀನಿ. ಇವತ್ತು ಒಂದು ಬಾಳ ಚೆಂದಿತ್ತು, ಒಂದು ಮಚ್ಚಿ ಇಲ್ಲ, ಗೀರಿಲ್ಲ. ಅದ ಇಟ್ಟೆ."

ವ್ಯಾಪಾರಿಯ ಬಾಯಲ್ಲಿ ಕಡ್ಡಿ ನಿಂತಿತು. ಇಷ್ಟು ವರ್ಷ ಇವರಿಬ್ಬರ ಮಾತೆಲ್ಲ ನನ್ನ ಮೂಲಕವೇ ಹೋಗುತ್ತದೆ ಎಂದುಕೊಂಡಿದ್ದೆ. ಈ ಒಂದು ಮಾತು ಮಾತ್ರ ನನ್ನನ್ನು ಬಿಟ್ಟು ಬೇರೆ ದಾರಿಯಲ್ಲಿ ಹೋಗುತ್ತಿತ್ತು.

ದೊಡ್ಡವ್ವ ಸೆರಗಿನ ತುದಿಯಿಂದ ಮುಖ ಒರೆಸಿಕೊಂಡಳು. ಹಾಗೇ ನನ್ನನ್ನು ದಾಟಿ ಹೋಗಿ ತಮ್ಮನ ಎದುರಿಗೆ ನಿಂತಳು. "ಅಷ್ಟಕ್ಕ ಅಷ್ಟು ಚೊಲೋ ಹಣ್ಣು ಯಾಕ ಇಟ್ಟಿಯಲೇ ಮಬ್ಬ? ಪೆಟ್ಟು ಬಿದ್ದದ್ದು ಒಂದು ಇಟ್ಟಿದ್ರ ಸಾಲತಿತ್ತು."

ಮಾವ ತಲೆ ಎತ್ತಿದ. "ಮೊದಲೆರಡು ಸಲ ಪೆಟ್ಟು ಬಿದ್ದದ್ದ ಇಟ್ಟಿದ್ದೆ, ಅದಕ್ಕ ಏನೋ ದೇವ್ರು ಇಷ್ಟು ದಿನ ಕೇಳಲಿಲ್ಲ" ಎಂದ.

ಟೆಂಪೋ ಹತ್ತಿ ಕೋಗಳಿ ದಾರಿ ಹಿಡಿದೆವು. ಬೇವಿನ ಮರದ ಕೆಳಗೆ ಆಳೆತ್ತರದ ಗುಡಿ, ಸುತ್ತ ಕುರಿಗಳು. ಗುಡಿಯ ಕಟ್ಟೆಯ ಮೇಲೆ ಕುರಿ ಕಾಯುವ ಮುದುಕಪ್ಪ ಕೂತಿದ್ದ. ಒಂದು ಕೈಯಲ್ಲಿ ವೀಣಾಳ ಹಣ್ಣು, ಇನ್ನೊಂದು ಕೈಯಲ್ಲಿ ಕಲ್ಲು. ಪ್ರಸಾದ ಎಂದು ಎತ್ತಿಕೊಂಡು, ಕೈ ಮುಗಿದು, ಒಡೆಯಲು ಕೂತಿದ್ದನಂತೆ. ನಮ್ಮನ್ನು ನೋಡಿ ಬೇಸರದಿಂದ ಹೇಳಿದ: "ಈಗಿನವ್ರು ಎಂಥಾ ಔಷಧ ಹೊಡದು ಬೆಳಿತಾರಪ್ಪ ಹಣ್ಣು. ಆವಾಗಿಂದ ಜಜ್ಜಾಕ ಹತ್ತೀನಿ, ಒಂದು ಕಾಳು ಕಾಣವಲ್ದು. ಯವ್ವಾ ದುರುಗವ್ವ, ನನ್ನ ಹಲ್ಲು ಪರೀಕ್ಷೆ ಮಾಡತಿಯೇನು ಅಂತ ಕೇಳಾಕ ಹತ್ತಿದ್ದೆ." ಮಾವ ವ್ಯಾಪಾರಿಯ ರಾಶಿಯಿಂದ ಎತ್ತಿಕೊಂಡು ಬಂದಿದ್ದ ನಿಜವಾದ ಎರಡು ಹಣ್ಣನ್ನು ಟೆಂಪೋದಿಂದ ತಂದು ಅವನ ಕೈಗಿಟ್ಟ. ಮುದುಕಪ್ಪ ಮೊದಲು ಅವೆರಡನ್ನೂ ಕಲ್ಲಿನಿಂದ ಮೆಲ್ಲಗೆ ಬಡಿದು ನೋಡಿದ.

ವೀಣಾ ಲ್ಯಾಪ್‌ಟಾಪಿಗೆ ತಂತಿ ಸಿಕ್ಕಿಸಿದಳು. ಎಲುಬು ಚರ್ಮದ ಗೆಳೆಯನ ಸಿಪ್ಪೆ ಕಲ್ಲಿನ ಪರೀಕ್ಷೆಯಲ್ಲೂ ಪಾಸಾಗಿತ್ತು, ಯಂತ್ರ ಬದುಕಿತ್ತು. ತೆರೆಯ ಮೇಲೆ ಗೆರೆ ತೋಟದಿಂದ ಗುಡಿಯವರೆಗೆ ಕೆರೆಯ ನೀರಿನಂತೆ ಸಪಾಟಾಗಿತ್ತು. ದೇವಿಯ ಮುಂದೆ ಇನ್ನೂ ಸಪಾಟು. ಆಮೇಲೆ ಇದ್ದಕ್ಕಿದ್ದಂತೆ ಗುಡ್ಡದ ಮೇಲೆ ಗುಡ್ಡ, ಅದೆಲ್ಲ ಮುದುಕಪ್ಪನ ಹಸಿವು. "ನೋಡಿದಿಯಾ, ನನ್ನ ತುಂಬೋ ಕೈ" ಎಂದಳು ದೊಡ್ಡವ್ವ ಸಪಾಟು ಗೆರೆಯ ಮೇಲೆ ಬೆರಳಿಟ್ಟು. "ಅದು ನನ್ನ ಸ್ಟೇರಿಂಗಿನ ಕೈ" ಎಂದ ಮಾವ. ನಿಮ್ಮಿಬ್ಬರದೂ ಅಲ್ಲ, ಹಣ್ಣು ನೋಡುತ್ತದೆಂಬ ಹೆದರಿಕೆಯದು ಎಂದು ವೀಣಾ ನನ್ನ ಕಿವಿಯಲ್ಲಿ ಹೇಳಿದಳು. ಹಾಗಾದರೆ ಬೇರೆ ದಿನಗಳಲ್ಲಿ ಹಣ್ಣು ಕಂದಿಸುವವರು ಯಾರು ಎನ್ನುವುದು ವಿಜ್ಞಾನಕ್ಕೆ ಆ ದಿನ ತಿಳಿಯಲಿಲ್ಲ. ಆಮೇಲೆ ಅವಳು ಬೇರೆ ತೋಟಗಳಲ್ಲಿ ಪ್ರಯೋಗ ಮಾಡಿ ಪದವಿ ಪಡೆದಳು.

ವಾಪಸ್ಸು ಬರುವಾಗ ದೊಡ್ಡವ್ವ ಮುಂದಿನ ಸೀಟಿನಲ್ಲಿ, ಮೆತ್ತೆಯಿಲ್ಲದ ತಗಡಿನ ಮೇಲೆ, ತಮ್ಮನ ಪಕ್ಕ ಕೂತಳು. ಹಿಂದೆ ಖಾಲಿ ಕ್ರೇಟುಗಳ ನಡುವೆ ನಾವಿಬ್ಬರು. ಮದುವೆ ಪಂಕ್ತಿಯಿಂದ ಶುರುವಾದ ಬೈಗುಳ ಹಗರಿಬೊಮ್ಮನಹಳ್ಳಿ ಬಂದರೂ ಮುಗಿಯಲಿಲ್ಲ. ವರ್ಷಗಟ್ಟಲೆ ಒಳಗೆ ಇಟ್ಟುಕೊಂಡದ್ದು ಒಂದೂ ಕೆಡದೆ ಹಾಗೇ ಹೊರಗೆ ಬರುತ್ತಿತ್ತು. "ಕರಗಾಕ ಹತ್ತೈತಿ" ಎಂದಳು ವೀಣಾ. ಮಾವ ಗಾಡಿ ಹೊಡೆಯುತ್ತ, ಏನೋ ಸಿಹಿ ತಿಂದವನಂತೆ ಕೂತಿದ್ದ.

ಇಷ್ಟೆಲ್ಲ ನೆನಪಾಗುವಷ್ಟು ಹೊತ್ತು ನಾನು ಆ ಹಣ್ಣನ್ನು ಕಿವಿಗೆ ಹಿಡಿದು ನಿಂತಿದ್ದೆ ಎಂದರೆ ತಳ್ಳುಗಾಡಿಯವನ ತಾಳ್ಮೆಯನ್ನೂ ಮೆಚ್ಚಬೇಕು. ಅಷ್ಟರಲ್ಲಿ ಜೇಬಿನಲ್ಲಿದ್ದ ನಿಜವಾದ ಫೋನು ಬಡಿದುಕೊಂಡಿತು. ದೊಡ್ಡವ್ವ.

"ಲೇ, ಅವನಿಗೆ ಹೇಳು, ನಾಳೆ ಗಾಡಿ ಜಲ್ದಿ ತರಬೇಕಂತ."

ಹಣ್ಣನ್ನು ತಕ್ಕಡಿಗೆ ಹಾಕುತ್ತ ಕೇಳಿದೆ, "ಮತ್ತ ಮಾತು ಬಿಟ್ಟೀರೇನು?"

"ಅವನು ಬಿಟ್ಟಾನ. ನಾನೇನು ಬಿಟ್ಟಿಲ್ಲ. ಹೊಸ ಟೈರಿನ ಸಲುವಾಗಿ ಎರಡು ಮಾತಂದೆ, ಅಷ್ಟಕ್ಕ ಮುಖ ಉಬ್ಬಿಸ್ಯಾನ."

ಒಂದು ಕಾಲದಲ್ಲಿ ಇದನ್ನು ಕೇಳಿ ನಾನು ಹೆದರುತ್ತಿದ್ದೆ, ಇಬ್ಬರ ನಡುವೆ ಓಡಾಡಿ ಸುಸ್ತಾಗುತ್ತಿದ್ದೆ. ಈಗ ಕೇಳುವುದು ಒಂದೇ ಪ್ರಶ್ನೆ. "ನಿನ್ನಿ ಮಾಲಿನ್ಯಾಗ ಒಂದು ಹಣ್ಣು ಕಮ್ಮಿ ಬಂದಿತ್ತಾ?"

ಅವಳ ದನಿ ಯಾವ ಕೊಕ್ಕರೆಯೂ ಹಾರದಷ್ಟು ಸಣ್ಣದಾಗಿ ಬಂತು.

"ಎರಡು ಕಮ್ಮಿ ಬಂದಾವಲೇ. ನಾ ಒಂದೀಟು ಜಾಸ್ತಿನ ಬೈದೆ ಕಾಣಸ್ತೈತಿ."