ಚಿಲಿಗೆ ಹೊರಟ ಪ್ಯಾಂಟು ದರ್ಜಿ

ಚಿಲಿ ದೇಶದ ಸಮುದ್ರದ ನೀರು ಜನವರಿಯಲ್ಲಿ ಎಷ್ಟು ತಣ್ಣಗಿರುತ್ತದೆ ಎಂಬುದು ರಾಯದುರ್ಗದಲ್ಲಿ ಯಾರಿಗಾದರೂ ಗೊತ್ತಿದ್ದರೆ ಅದು ನನಗೊಬ್ಬನಿಗೇ. ಹದಿನಾಲ್ಕು ಡಿಗ್ರಿ. ಅದೂ ಅಲ್ಲಿಯ ಬೇಸಿಗೆಯಲ್ಲಿ. ಚಳಿಗಾಲದ ಮಾತು ಬಿಡಿ. ಗಾಳಿ ಮಧ್ಯಾಹ್ನದ ಮೇಲೆ ಏಳುತ್ತದೆ, ದಕ್ಷಿಣದಿಂದ ಬೀಸುತ್ತದೆ, ಹೊತ್ತು ಮುಳುಗುವವರೆಗೆ ನಿಲ್ಲುವುದಿಲ್ಲ. ಈ ಜ್ಞಾನದಿಂದ ನನಗಾಗಲಿ ಊರಿಗಾಗಲಿ ಮೂರು ಕಾಸಿನ ಉಪಯೋಗವಿಲ್ಲ. ಮೊದಮೊದಲು ಜನ ತಾವಾಗಿಯೇ ಕೇಳುತ್ತಿದ್ದರು. ಈಗ ನನ್ನ ಮುಖ ನೋಡಿ ಮಾತು ಬದಲಿಸುತ್ತಾರೆ, ಅದು ಇನ್ನೂ ಕೆಟ್ಟದ್ದು.

ನಾನು ಜೀನ್ಸ್ ಪ್ಯಾಂಟು ಹೊಲಿಯುವವನು. ನಮ್ಮೂರಲ್ಲಿ ಕಣ್ಣುಮುಚ್ಚಿ ಕಲ್ಲು ಎಸೆದರೆ ಅದು ಬೆಟ್ಟದ ಬಂಡೆಗೆ ಬೀಳಬೇಕು, ಇಲ್ಲವೇ ಪ್ಯಾಂಟು ಹೊಲಿಯುವವನ ತಲೆಗೆ. ಬಾಡಿಗೆ ಶೆಡ್ಡಿನಲ್ಲಿ ನನ್ನವು ಆರು ಮಷೀನುಗಳಿವೆ. ಅದಕ್ಕೇ ಜನ ನನ್ನನ್ನು ಮಾಸ್ಟರ್ ಎನ್ನುತ್ತಾರೆ. ಪಾಠ ಹೇಳುವ ಮಾಸ್ಟರ್ ಅಲ್ಲ, ಬಟ್ಟೆ ಕತ್ತರಿಸುವ ಮಾಸ್ಟರ್. ಹೊಲಿದ ಪ್ಯಾಂಟು ಬಳ್ಳಾರಿಗೆ ಹೋಗುತ್ತದೆ. ಅಲ್ಲಿ ಅದರ ಹಿಂಭಾಗಕ್ಕೆ ಯಾವನದೋ ಹೆಸರಿನ ಚರ್ಮದ ಚೂರು ಬೀಳುತ್ತದೆ. ಆಮೇಲೆ ಅದನ್ನು ಯಾರು ತೊಟ್ಟರು, ಎಲ್ಲಿ ಕೂತು ಹರಿದುಕೊಂಡರು, ದೇವರೇ ಬಲ್ಲ. ಇಪ್ಪತ್ತಾರು ವರ್ಷದಲ್ಲಿ ಒಬ್ಬನೇ ಒಬ್ಬ ಬಂದು, ಮಾಸ್ಟರ್, ನಿಮ್ಮ ಹೊಲಿಗೆ ಇಷ್ಟು ವರ್ಷ ತಾಳಿತು ಎಂದು ಹೇಳಿಲ್ಲ. ಹೇಳಲಿ ಎಂಬ ಆಸೆ ನನಗಿತ್ತು ಎಂಬುದೂ ನಿಖಿಲ್ ಸಾಹೇಬ ಬರುವವರೆಗೆ ನನಗೆ ತಿಳಿದಿರಲಿಲ್ಲ.

ನಿಖಿಲ್ ಸಾಹೇಬ ಗಾಳಿಯಂತ್ರಗಳ ಇಂಜಿನಿಯರ್. ನಮ್ಮ ಸುತ್ತಿನ ಗುಡ್ಡಗಳ ಮೇಲೆಲ್ಲ ಅವು ನಿಂತಿವೆ. ನಮ್ಮ ಜನ ಅವಕ್ಕೆ ಫ್ಯಾನು ಎನ್ನುತ್ತಾರೆ, ಇಷ್ಟು ಫ್ಯಾನು ಹಾಕಿದರೂ ಸೆಕೆ ಕಡಿಮೆಯಾಗಲಿಲ್ಲವಲ್ಲ ಎಂದೂ ಎನ್ನುತ್ತಾರೆ. ಮುಂಬಯಿ ಕಡೆಯ ಹುಡುಗ, ಮೂವತ್ತರ ಆಸುಪಾಸು, ಕನ್ನಡ ಬಾರದು, ತೆಲುಗೂ ಬಾರದು, ನಗು ಮಾತ್ರ ಚೆನ್ನಾಗಿ ಬರುತ್ತದೆ. ಒಂದು ದಿನ ಹಾಸಿಗೆಯ ಸುರುಳಿಯಂಥ ಚೀಲ ಹೊತ್ತು ಶೆಡ್ಡಿಗೆ ಬಂದ. ಒಳಗಿನಿಂದ ಒಂದು ನೀಲಿ ಬಟ್ಟೆ ತೆಗೆದ, ತೆಗೆದ, ತೆಗೆಯುತ್ತಲೇ ಇದ್ದ. ಆರು ಮಷೀನು ಮುಚ್ಚಿ ಹೊರಗೆ ರಸ್ತೆಗೆ ಬಂತು. ಅದೊಂದು ಗಾಳಿಪಟ. ಬತ್ತಿದ ಕೆರೆಯಂಗಳದಲ್ಲಿ ಹಾರಿಸಲು ಹೋಗಿ ಬಳ್ಳಾರಿ ಜಾಲಿಯ ಮುಳ್ಳಿಗೆ ಕೊಟ್ಟಿದ್ದ, ಮೊಳಕ್ಕೊಂದು ಸೀಳು.

ಆ ಆಟದ ವಿಷಯ ನಿಮಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ. ಕಾಲಿಗೊಂದು ಹಲಗೆ ಸಿಕ್ಕಿಸಿಕೊಳ್ಳುವುದು, ನಡುವಿಗೆ ಪಟ್ಟಿ ಕಟ್ಟುವುದು, ಪಟ್ಟಿಗೆ ಕೋಣೆಯಗಲದ ಗಾಳಿಪಟ ಬಿಗಿಯುವುದು, ಸಮುದ್ರಕ್ಕೆ ಇಳಿಯುವುದು. ಕೈಟ್ ಸರ್ಫಿಂಗ್ ಎನ್ನುತ್ತಾರೆ. ಆಷಾಢದಲ್ಲಿ ನಮ್ಮ ಮಕ್ಕಳು ಪಟ ಹಾರಿಸುತ್ತಾರೆ. ಇಲ್ಲಿ ಪಟವೇ ಮನುಷ್ಯನನ್ನು ಹಾರಿಸುತ್ತದೆ. ಫೋನಿನಲ್ಲಿ ಅವನು ತೋರಿಸಿದ ಚಿತ್ರ ನೋಡಿ ನನಗೆ ಮೊದಲು ಹೊಳೆದದ್ದು ಆ ಸಾಹಸವಲ್ಲ. ಅಷ್ಟು ಎತ್ತರದಲ್ಲಿ ಒಬ್ಬ ಮನುಷ್ಯನ ಜೀವ ಒಂದು ಹೊಲಿಗೆಯ ಮೇಲೆ ನಿಂತಿದೆಯಲ್ಲ ಎಂದು. ಪ್ಯಾಂಟಿನ ಹೊಲಿಗೆ ಬಿಚ್ಚಿದರೆ ಮಾನ ಹೋಗುತ್ತದೆ, ಅಷ್ಟೆ.

ನಾಲ್ಕು ದಿನ ಕೂತೆ. ಎಳೆ ಎಣಿಸಿ ತೇಪೆ ಕತ್ತರಿಸಿದೆ, ಜಿಗ್‌ಜಾಗ್ ಹೊಲಿಗೆಯಲ್ಲಿ ಎರಡು ಸುತ್ತು ಓಡಿಸಿದೆ, ಮಷೀನು ನಂಬದೆ ಮೂಲೆಗಳನ್ನು ಕೈಯಲ್ಲೇ ಹಾಕಿದೆ. ಬಳ್ಳಾರಿಯ ಪ್ಯಾಂಟುಗಳು ಕಾದವು. ನಿಖಿಲ್ ಸಾಹೇಬ ಬಂದು ಬೆರಳಾಡಿಸಿ ನೋಡಿದ, ಎಳೆದು ನೋಡಿದ. ಇನ್ನೆರಡು ವರ್ಷಕ್ಕೆ ಚಿಲಿಗೆ ಹೋಗುತ್ತೇನೆ, ಅಲ್ಲಿಯ ಗಾಳಿಯಲ್ಲಿ ನಿಮ್ಮ ಹೊಲಿಗೆಗೆ ಪರೀಕ್ಷೆ ಎಂದ. ಆಮೇಲೆ ನನ್ನ ಹೆಗಲ ಮೇಲೆ ಕೈಯಿಟ್ಟು, "ಮಾಸ್ಟರ್‌ಜೀ, ಆಪ್ ಭೀ ಚಲೋ" ಎಂದ. ನೀವೂ ನಡೆಯಿರಿ. ಅಷ್ಟೇ ಅವನು ಅಂದದ್ದು. ಮುಂದಿನದೆಲ್ಲ ನನ್ನದೇ ಕುಸುರಿ.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಬಾರದು ಎನ್ನುತ್ತಾರೆ. ನಾನು ಹೊಲಿಯುವವನೇ ಆದ್ದರಿಂದ ನನಗೆ ತಡೆಯಿರಲಿಲ್ಲ. ಪ್ಯಾಂಟಿನ ಅಳತೆ ಬರೆಯುವ ನೋಟುಬುಕ್ಕಿನ ಹಿಂಬದಿಯಿಂದ ಚಿಲಿ ಶುರುವಾಯಿತು. ಯಾವ ತಿಂಗಳು ಯಾವ ಗಾಳಿ, ಯಾವ ವಿಮಾನ ಎಲ್ಲಿ ಇಳಿಸುತ್ತದೆ, ಅಲ್ಲಿಂದ ಬಸ್ಸೆಷ್ಟು ಹೊತ್ತು, ದಂಡೆಯಲ್ಲಿ ಅನ್ನ ಸಿಗುತ್ತದೋ ಇಲ್ಲವೋ. ಅಲ್ಲಿಯ ಸಮುದ್ರದ ತಂಪಿಗೆ ಕಾರಣವನ್ನೂ ಓದಿದೆ. ದಕ್ಷಿಣ ಧ್ರುವದ ಕಡೆಯಿಂದ ತಣ್ಣನೆಯ ಹರಿವೊಂದು ದಂಡೆಗುಂಟ ಮೇಲೆ ಬರುತ್ತದಂತೆ. ತಣ್ಣೀರಿನ ಮೇಲಿನ ಗಾಳಿ ಮೇಲೇರಿ ಮಳೆ ಮೋಡವಾಗುವುದಿಲ್ಲವಂತೆ. ಅದಕ್ಕೇ ಆ ದೇಶದ ಉತ್ತರಕ್ಕೆ ಸಮುದ್ರದ ಮಗ್ಗುಲಲ್ಲೇ ಮರುಭೂಮಿ. ಎದುರಿಗೆ ಕಣ್ಣು ಹರಿಯುವಷ್ಟು ನೀರು, ಮೇಲಿನಿಂದ ಒಂದು ಹನಿಯಿಲ್ಲ. ಓದಿದ ಮೇಲೆ ಅವರೂ ನಮ್ಮ ತಾಲ್ಲೂಕಿನವರೇ ಅನ್ನಿಸಿ, ಪರಕೀಯ ಭಾವ ಹೋಯಿತು.

ಈಜು ಬರುತ್ತದೆಯೇ ಎಂದು ಕೇಳುತ್ತೀರಿ. ಬರುತ್ತದೆ. ನನ್ನ ತಾಯಿಯ ತವರು ಮಡಕಶಿರಾ ಕಡೆ, ರತ್ನಗಿರಿ ಕೋಟೆಯ ಕೆಳಗೆ. ಬೇಸಿಗೆ ರಜೆಗೆ ಹೋದಾಗ ನನ್ನ ಸೋದರಮಾವ ಬೆನ್ನಿಗೆ ಬೆಂಡು ಕಟ್ಟಿ, "ಹೆದ್ರುಕಬ್ಯಾಡ ಕಣ್ಲಾ, ಬೆಂಡು ಮುಳುಗಾಕೆ ಬಿಡಲ್ಲ" ಎಂದು ಬಾವಿಗೆ ನೂಕಿದ್ದ. ಮೂರನೆಯ ದಿನ ಬೆಂಡು ಬಿಚ್ಚಿದ್ದನ್ನು ಹೇಳದೆಯೇ ನೂಕಿದ. ಬದುಕಿದೆ, ಹಾಗಾಗಿ ಈಜು ಬಂತು. ಆ ಬಾವಿಯಲ್ಲಿ ಈಗ ಜಾಲಿ ಬೆಳೆದಿದೆ, ಅಭ್ಯಾಸಕ್ಕೆ ನೀರಿಲ್ಲ. ಬಾವಿಯ ಈಜಿನವನಿಗೆ ನಾಲ್ಕು ಕೈ ಹೊಡೆದರೆ ಗೋಡೆ ಸಿಗಬೇಕು. ಪೆಸಿಫಿಕ್ ಸಾಗರದಲ್ಲಿ ಗೋಡೆ ಎಲ್ಲಿದೆ ಎಂದು ಭೂಪಟ ನೋಡಿದೆ. ಆ ಕಡೆ ಆಸ್ಟ್ರೇಲಿಯ ಇತ್ತು.

ತಣ್ಣೀರಿಗೆ ಇಳಿಯಲು ಮೈಗಂಟುವ ರಬ್ಬರಿನ ಉಡುಪು ಬೇಕು. ಅದರ ಹೊಲಿಗೆಯಲ್ಲಿ ಒಂದು ಗುಟ್ಟಿದೆ: ಸೂಜಿ ರಬ್ಬರಿನ ಅರ್ಧ ದಪ್ಪಕ್ಕೆ ಇಳಿದು ಅಲ್ಲಿಂದಲೇ ಹೊರಳಿ ಮೇಲೆ ಬರಬೇಕು, ಆಚೆ ಮೈಗೆ ತೂತು ಬೀಳಕೂಡದು. ಫೋನಿನಲ್ಲಿ ಅದನ್ನು ನೋಡಿ ನಾನು ಹೊಲಿದದ್ದೆಲ್ಲ ಗೋಣಿಚೀಲವೆನ್ನಿಸಿತು. ಒಂದು ಭಾನುವಾರ ಕನ್ನಡಿ ಮುಂದೆ ನಿಂತು ನನ್ನದೇ ಅಳತೆ ತೆಗೆದೆ. ಗುಂಡಿ ಹಾಕುತ್ತ ಕೂತಿದ್ದ ನನ್ನ ಹೆಂಡತಿ ಹೊನ್ನೂರಮ್ಮ ತಲೆಯೆತ್ತದೆ, "ರಬ್ಬರ್ ಹಿಗ್ತತಿ ಅಂತ ಹೊಟ್ಟೀನೂ ಹಿಗ್ಗಿಸ್ಬ್ಯಾಡ್ರಿ" ಎಂದಳು. ಅವಳು ಈ ವಿಷಯದಲ್ಲಿ ಆಡಿದ್ದು ಆಗ ಅಷ್ಟೇ. ಹೋಗಿ ಎನ್ನಲಿಲ್ಲ, ಬೇಡ ಎನ್ನಲಿಲ್ಲ.

ಎರಡನೆಯ ವರ್ಷ ಪಾಸ್‌ಪೋರ್ಟ್ ಮಾಡಿಸಿದೆ. ವಿಚಾರಣೆಗೆ ಬಂದ ಕಾನ್‌ಸ್ಟೇಬಲ್ ಒಳ್ಳೆಯ ಮನುಷ್ಯ, ನನ್ನ ಪರಿಚಯದವನೂ ಹೌದು. "ಎಕ್ಕಡಿಕಿ ಮಾಸ್ಟರ್, ದುಬಾಯ್‌ಕಾ?" ಎಂದ. ಚಿಲಿಗೆ ಎಂದೆ. ಅಲ್ಲಿ ನಮ್ಮವರು ಯಾರಿದ್ದಾರೆ ಎಂದು ಕೇಳಿದ. ಯಾರೂ ಇಲ್ಲ, ಒಂದು ಹೊಲಿಗೆ ನೋಡಿಬರಬೇಕು ಎಂದೆ. ಅವನು ಪೆನ್ನು ಹಿಡಿದು ಬಹಳ ಹೊತ್ತು ಯೋಚಿಸಿದ, ಆಮೇಲೆ ಪ್ರವಾಸ ಎಂದು ಬರೆದುಕೊಂಡ. ಸಂಜೆಯೊಳಗೆ ಪೇಟೆಗೆಲ್ಲ ತಿಳಿಯಿತು. ಹೋಟೆಲಿನಲ್ಲಿ ಚಹಾ ಕುಡಿಯುವವರು, ಬಟನ್ ಅಂಗಡಿಯವರು, ದೇವಸ್ಥಾನದ ಮೆಟ್ಟಿಲ ಮೇಲಿನ ಮುದುಕರು ಎಲ್ಲರಿಗೂ ಒಂದೇ ಪ್ರಶ್ನೆ: "ಮಾಸ್ಟರ್, ಯಾವಾಗ್ರಿ ಹೊಂಡೋದು?" ಡಿಸೆಂಬರಿಗೆ ಎಂದು ಎದೆಯುಬ್ಬಿಸಿ ಹೇಳುತ್ತಿದ್ದೆ. ಆ ಎದೆಯನ್ನು ನೆನೆದರೆ ಈಗ ನನಗೆ ಮೈಯುರಿಯುತ್ತದೆ.

ನಿಖಿಲ್ ಸಾಹೇಬನಿಗೆ ಗುಜರಾತಿಗೆ ವರ್ಗವಾಯಿತು. ಫೋನು ಮಾಡಿದರೆ, ಹಾಂ ಮಾಸ್ಟರ್‌ಜೀ, ದೇಖ್ತೇ ಹೈಂ ಎನ್ನುತ್ತಿದ್ದ. ನೋಡೋಣ. ಹಿಂದಿ, ತೆಲುಗು, ಕನ್ನಡ ಯಾವುದರಲ್ಲಿ ಹೇಳಿದರೂ ನೋಡೋಣ ಎಂದರೆ ನೋಡುವುದಿಲ್ಲ ಎಂದೇ ಅರ್ಥ. ಬಟ್ಟೆ ವ್ಯಾಪಾರಿಗಳಿಗೆ ದಿನಕ್ಕೆ ಹತ್ತು ಸಲ ನೋಡೋಣ ಎನ್ನುವ ನನಗೇ ಅದು ಹೊಳೆಯಲಿಲ್ಲ. ಡಿಸೆಂಬರ್ ಬಂತು, ಹೋಯಿತು. ಜನವರಿಯ ಒಂದು ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ಚಿಲಿಯಿಂದ ಅವನ ವಿಡಿಯೋ ಬಂತು. ಬೂದು ಸಮುದ್ರ, ಕಪ್ಪು ಮರಳು, ರಬ್ಬರಿನ ಉಡುಪಿನಲ್ಲಿ ಅವನು. ನಾನು ಅವನನ್ನು ನೋಡಲಿಲ್ಲ, ಮೇಲೆ ನೋಡಿದೆ. ಮೇಲಿದ್ದದ್ದು ಕಿತ್ತಳೆ ಬಣ್ಣದ ಹೊಚ್ಚ ಹೊಸ ಪಟ. ಕೆಳಗೆ ಒಂದು ಸಾಲು: ಮಾಸ್ಟರ್‌ಜೀ, ನೀವೂ ಬರಬೇಕಿತ್ತು.

ಹಳೆಯದೆಲ್ಲಿ ಎಂದು ಕೇಳಿದೆ. ನಿಮ್ಮೂರಿನ ನಮ್ಮ ಕಂಪನಿ ಗೆಸ್ಟ್‌ಹೌಸಿನಲ್ಲೇ ಬಿಟ್ಟುಬಂದೆ ಎಂದ. ಹೋಗಿ ನೋಡಿದೆ. ಕಾವಲುಗಾರ ಅದನ್ನು ತನ್ನ ಶೇಂಗಾ ಹೊಟ್ಟಿನ ಬಣವೆಯ ಮೇಲೆ ಹೊದಿಸಿ ಸುತ್ತಲೂ ಕಲ್ಲು ಹೇರಿದ್ದ. "ಭಾಳ ಚಲೋ ಬಟ್ಟಿ ಐತ್ರಿ ಮಾಸ್ಟರ್, ಆಷಾಢದ ಗಾಳಿಗೂ ಒಂದ್ ಎಳಿ ಬಿಚ್ಚಿಲ್ಲ" ಎಂದ. ಇಪ್ಪತ್ತಾರು ವರ್ಷದಲ್ಲಿ ನನ್ನ ಹೊಲಿಗೆಯನ್ನು ಹೊಗಳಿದ ಮೊದಲನೆಯ ಮನುಷ್ಯ. ನಾನು ಸಂತೋಷಪಡಬೇಕಿತ್ತು. ಅವನ ಎರಡು ಎಮ್ಮೆಗಳು ನನ್ನನ್ನೇ ನೋಡುತ್ತ ಮೆಲುಕು ಹಾಕುತ್ತಿದ್ದವು.

ಅವತ್ತಿನಿಂದ ನನಗೆ ಕಹಿ. ಯಾರ ಮೇಲೆ ಎಂಬುದೇ ಕಷ್ಟ. ಆ ಹುಡುಗ ಸುಳ್ಳು ಹೇಳಲಿಲ್ಲ, ಮೋಸ ಮಾಡಲಿಲ್ಲ, ಬಾಯಿಮಾತಿಗೆ ಕರೆದ. ಬಾಯಿಮಾತಿಗೆ ಕರೆಯುವುದರಲ್ಲಿ ನಮ್ಮನ್ನು ಮೀರಿಸುವವರುಂಟೇ? ನಮ್ಮಲ್ಲಿ ಊಟಕ್ಕೆ ಕೂತವನ ಮುಂದೆ ನಾಯಿ ಹಾದುಹೋದರೂ "ಬರ್ರಿ, ಊಟ ಮಾಡಾಣ" ಎನ್ನುತ್ತೇವೆ. ಹಾದುಹೋಗುವವನು, "ಆತ್ರಿ, ನೀವು ಮಾಡ್ರಿ, ನಮ್ದೀಗ ಆತು" ಎಂದು ಹಸಿದ ಹೊಟ್ಟೆಯಲ್ಲೇ ಮುಂದೆ ನಡೆಯುತ್ತಾನೆ. ಇಬ್ಬರಿಗೂ ಗೌರವ, ರೊಟ್ಟಿಯೂ ಉಳಿಯಿತು. ಹೋದ ವರ್ಷ ಸೂರತ್ತಿನ ಜಿಪ್ ಮಾರುವವನಿಗೆ ನಾನು ಹಾಗೇ ಬರ್ರಿ ಎಂದರೆ, ಪುಣ್ಯಾತ್ಮ ಕೈ ತೊಳೆದು ಬಂದು ಕೂತೇಬಿಟ್ಟ. ಹೊನ್ನೂರಮ್ಮನ ಪಾಲಿನ ಎರಡು ರೊಟ್ಟಿ ಅವನ ಹೊಟ್ಟೆ ಸೇರಿದವು. ಕರೆದರೆ ಬಂದೇಬಿಡುವುದೇ, ಎಂಥ ಪೆದ್ದ ಎಂದು ನಾನು ತಿಂಗಳುಗಟ್ಟಲೆ ಊರೆಲ್ಲ ಹೇಳಿಕೊಂಡು ನಕ್ಕಿದ್ದೆ. ಆ ಪೆದ್ದನಾದರೂ ಎರಡು ರೊಟ್ಟಿ ತಿಂದು ಎದ್ದ.

ಇದನ್ನೆಲ್ಲ ಒಂದು ಮಧ್ಯಾಹ್ನ ಹೆಂಡತಿಯ ಮುಂದೆ ಹೇಳಿಕೊಂಡು ಕೂತಿದ್ದೆ. ಮಾತಿಗೆ ಬೆಲೆಯಿಲ್ಲದ ಕಾಲ, ದೊಡ್ಡ ಊರಿನವರಿಗೆ ಕರುಳಿಲ್ಲ, ಹೀಗೆ. ಅವಳು ಪ್ಯಾಂಟಿನ ಉಳಿಕೆ ದಾರ ಕತ್ತರಿಸುತ್ತಿದ್ದಳು. ಒಂದು ಪ್ಯಾಂಟು ಮುಗಿಸಿ ಮಡಚಿಟ್ಟು ಇನ್ನೊಂದನ್ನು ತೊಡೆಯ ಮೇಲೆ ಎಳೆದುಕೊಂಡಳು.

"ಆ ಹುಡುಗ ಒಂದ್ ಸಲ ಅಂದಿದ್ದಕ್ಕ ಇಷ್ಟ್ ಉರ್ಕೊಳ್ತೀರಿ. ಮದುವಿಯಾದ ವರ್ಷದಿಂದ ನನಗ ಗೋಕರ್ಣದ ಸಮುದ್ರ ತೋರಿಸ್ತೀನಿ ಅಂತೀರಿ. ನಾನು ಎಂದರ ಉರ್ಕೊಂಡೀನೇನ್ರಿ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಉತ್ತರ ಕೊಡಬಹುದಿತ್ತು. ಹೌದು, ಹೇಳಿದ್ದೇನೆ. ಅವಳ ತಮ್ಮನ ಮದುವೆಯಲ್ಲಿ ನಾಲ್ಕು ಜನರೆದುರು ಹೇಳಿದ್ದೇನೆ, ಜ್ವರ ಬಂದು ಮಲಗಿದಾಗ ಹೇಳಿದ್ದೇನೆ, ಹೊಸ ಮಷೀನು ತಂದ ದಿನ ಹೇಳಿದ್ದೇನೆ. ಪ್ರತಿ ಸಲವೂ ಅವಳು, ಆತ್ರಿ, ಹೋಗಾಣಂತ ಎಂದಿದ್ದಾಳೆ. ಅದನ್ನು ಒಪ್ಪಿಗೆ ಎಂದುಕೊಂಡಿದ್ದೆ. ದಾರಿಯಲ್ಲಿ ಹಸಿದುಕೊಂಡು ಹೋಗುವವರು ಆಡುವ ಮಾತು ಅದು.

ನಾಚಿಕೆಯಾಗಿ, "ಹಂಗಾದ್ರ ಈ ಸಲ ಖಂಡಿತ ಹೋಗಾಣ" ಎಂದೆ.

ಅವಳ ಕತ್ತರಿ ನಿಂತಿತು. "ಯಾವತ್ತು?" ಎಂದಳು.

ಮದುವೆಯಾದಾಗಿನಿಂದ ಅವಳು ಆ ಪ್ರಶ್ನೆ ಕೇಳಿದ್ದು ಅದೇ ಮೊದಲು. ಭೂಮಿಯ ಆಚೆ ಬದಿಯ ಸಮುದ್ರಕ್ಕೆ ತಿಂಗಳು, ಗಾಳಿ, ಬಸ್ಸು ಎಲ್ಲ ಬರೆದಿಟ್ಟುಕೊಂಡವನು ನಾನು. ಬಳ್ಳಾರಿಯಲ್ಲಿ ಬಸ್ಸು ಹತ್ತಿದರೆ ಮರುದಿನ ಸಿಗುವ ಸಮುದ್ರಕ್ಕೆ ಒಂದು ವಾರದ ಹೆಸರೂ ಬಾಯಿಗೆ ಬರಲಿಲ್ಲ. ನೋಡೋಣ ಎನ್ನಬಹುದಿತ್ತು; ನಾಲಗೆಯ ತುದಿಗೆ ಬಂದದ್ದೂ ಅದೇ. ನುಂಗಿಕೊಂಡೆ. ಅವಳು ಮತ್ತೆ ದಾರ ಕತ್ತರಿಸತೊಡಗಿದಳು.