ರೇಡಿಯೋದ ದನಿ ಇಳಿಸಿದವರು ಯಾರು?

“ಇದರ ಆವಾಜ ಯಾರು ಇಳಿಸ್ಯಾರ? ಕಾಲುವಿಗಿ ನೀರು ಬಿಡೂ ಸುದ್ದಿನ ಕೇಳಲಿಲ್ಲ!” ಕಿವಿ ಮಂದವಾದ ಅವ್ವ ರೇಡಿಯೋ ಮುಂದೆ ಕೂತು ನನ್ನ ಹೆಂಡತಿಯನ್ನೇ ನೋಡಿದಳು.

“ನಾ ಮುಟ್ಟಿಲ್ರಿ ಅತ್ತಿ. ಅದರ ಹೊಟ್ಟಿ ಬಿಚ್ಚಿದವರು ನಿಮ್ಮ ಮಗ, ಅವರನ್ನ ಕೇಳ್ರಿ.”

ಬಿಚ್ಚಿದ್ದು ನಿಜ. ಸುರಪುರದ ಧೂಳು ಹೊಕ್ಕು ದನಿಯ ತಿರುಗುಗುಂಡಿ ಕರಕರ ಎನ್ನುತ್ತಿತ್ತು. ಅದನ್ನು ತೆಗೆದು, ಗುಂಡಿ ಒತ್ತಿದರೆ ದನಿ ಏರಿಳಿಯುವಂತೆ ಡಿಜಿಟಲ್ ಪೊಟೆನ್ಷಿಯೋಮೀಟರ್ ಎಂಬ ಚಿಪ್ ಕೂಡಿಸಿದ್ದೆ. ಅಂದಿನಿಂದ ದನಿ ಆಗಾಗ ಇಳಿದಿರುತ್ತಿತ್ತು; ಅದೇ ಜಗಳಕ್ಕೆ ಅತ್ತೆ ಸೊಸೆ ಮಾತು ಬಿಟ್ಟರು. ನನಗೂ ಹೆಂಡತಿಯ ಮೇಲೆಯೇ ಗುಮಾನಿ. ಒಮ್ಮೆ ಕರೆಂಟ್ ಹೋಗಿ ಬಂದಾಗ ಕಣ್ಣಾರೆ ಕಂಡೆ: ಅವ್ವ ಇಟ್ಟಿದ್ದ ಮಟ್ಟವನ್ನು ಚಿಪ್ ಮರೆತು, ದನಿಯನ್ನು ಅರ್ಧಕ್ಕೆ ತಂದು ನಿಲ್ಲಿಸಿತ್ತು. ಕರೆಂಟ್ ಹೋದರೂ ಮಟ್ಟ ನೆನಪಿಡುವ ಬೇರೆ ಚಿಪ್ ತಂದು ಹಾಕಿದೆ. ಅವ್ವ ಸೊಸೆಗೆ ತಾನೇ ಚಹಾ ಮಾಡಿ ಕೊಟ್ಟಳು.

ನಿನ್ನೆ ಕರೆಂಟ್ ಹೋಗಿರಲೇ ಇಲ್ಲ. ಆದರೂ ದನಿ ಇಳಿದಿತ್ತು. ಅವ್ವ ಸೊಸೆಯನ್ನು ನೋಡಿದಳು, ಸೊಸೆ ನನ್ನನ್ನು ನೋಡಿದಳು. ಹಿಂದಿನ ಸಂಜೆ ಫೋನಿನಲ್ಲಿ ಮಾತಾಡುತ್ತ ರೇಡಿಯೋ ಪಕ್ಕದಲ್ಲೇ ನಿಂತಿದ್ದೆ. ಗುಂಡಿ ಒತ್ತಿಲ್ಲವೆಂದೇ ನನ್ನ ನೆನಪು. ಆದರೆ ಆ ಚಿಪ್ಪನ್ನು ನಂಬುವಷ್ಟು ನನ್ನ ನೆನಪನ್ನು ನಾನು ನಂಬಲಾರೆ.