ಚುಕ್ಕಿ ಇಲ್ಲದ ಸಾಲು

ಗಣಿತ ಕಲಿಸುವವರೆಲ್ಲ ಪ್ರೋಗ್ರಾಂ ಬರೆಯಲು ಕಲಿಯಬೇಕು ಎಂದು ನಮ್ಮ ಶಾಲೆಯಲ್ಲಿ ತರಬೇತಿ ಇಟ್ಟರು. ನಿವೃತ್ತಿ ಹತ್ತಿರ ಬಂದಿದ್ದ ನನಗೆ ಇದೇನು ಹೊಸ ರಗಳೆ ಎಂದು ಸಿಟ್ಟೇ ಬಂದಿತ್ತು. ಮೊದಲ ಪಾಠ ಚುಕ್ಕಿಗಳ ಚಾರ್ಟು: ದಿನಕ್ಕೊಂದು ಸಾಲು, ತಾರೀಖಿನ ಮುಂದೆ ಅಂಕಿ ಎಷ್ಟೋ ಅಷ್ಟು ಚುಕ್ಕಿ ಮೂಡಬೇಕು.

"ನಿಮ್ಮ ಮನಿಯಾಗಿನ ಯಾವುದಾರ ಒಂದು ಅಂಕಿ ತಗೋರಿ ಮೇಡಂ" ಎಂದ ಕಲಿಸಲು ಬಂದಿದ್ದ ತರುಣ.

ನಮ್ಮ ಮನೆಯಲ್ಲಿ ದಿನಾ ಕೇಳಿಬರುವ ಅಂಕಿ ಒಂದೇ. ಮುಳುಗಡೆಯಾದವರಿಗೆಂದು ಕಟ್ಟಿದ ನವನಗರದ ನಮ್ಮ ಬಾಗಿಲಿಗೆ ಪೇಪರು ಬಿದ್ದ ಕೂಡಲೇ ಅವ್ವ ಕೇಳುತ್ತಾಳೆ, "ಡ್ಯಾಮಿನ ನೀರು ಎಷ್ಟೈತಿ ನೋಡವಾ." ನಾನು ಹುಟ್ಟುವ ಮೊದಲೇ ಜ್ವರದಲ್ಲಿ ಹೋದ ನನ್ನ ಅಕ್ಕನನ್ನು ಹಳೇ ಊರಿನ ಹೊಲದಲ್ಲಿ, ನಮ್ಮ ಪದ್ಧತಿಯಂತೆ ಕೂಡಿಸಿ, ಮಣ್ಣು ಮಾಡಿದ್ದರು. ಮೂರು ವರ್ಷದ ಕೂಸು. ಆ ಹೊಲ ಈಗ ಆಲಮಟ್ಟಿಯ ಹಿನ್ನೀರಿನೊಳಗಿದೆ. ಕೆಲವು ಬೇಸಿಗೆಗಳಲ್ಲಿ ನೀರು ಸರಿದು ನೆಲ ಮೇಲೇಳುತ್ತದೆ. ಎದ್ದಾಗ ಒಮ್ಮೆ ಹೋಗಿ ಆ ಮಣ್ಣಿಗೆ ಹೂವು ಏರಿಸಬೇಕು ಎಂಬುದೊಂದೇ ಅವ್ವನ ಆಸೆ. ಅವಳಿಗೆ ಇನ್ನೆಷ್ಟು ಬೇಸಿಗೆ ಉಳಿದಿವೆಯೋ ಎಂಬುದು ನನ್ನ ಚಿಂತೆ.

ನನಗೆ ಆ ಅಕ್ಕನ ಮೇಲೆ ಹೊಟ್ಟೆಕಿಚ್ಚಿತ್ತು, ಹೆದರಿಕೆಯೂ ಇತ್ತು. ಸಣ್ಣವಳಿದ್ದಾಗ ನನ್ನ ತಲೆ ಬಾಚುತ್ತ ಅವ್ವ ನಡುವೆಯೇ ಕೈ ನಿಲ್ಲಿಸಿಬಿಡುತ್ತಿದ್ದಳು. ಯಾರ ನೆನಪು ಬಂತೆಂದು ನಾನು ಕೇಳುತ್ತಿರಲಿಲ್ಲ.

ನೀರಿನ ಅಂಕಿಯನ್ನು ಅಡಿ ಲೆಕ್ಕದಲ್ಲಿ ಕೊಟ್ಟು ನೋಡಿದೆ. ಪರದೆ ತುಂಬ ಚುಕ್ಕಿ ಸುರಿಯಿತು. ಜಲಾಶಯದ ಮಟ್ಟವನ್ನು ಸಮುದ್ರಮಟ್ಟದಿಂದ ಅಳೆಯುತ್ತಾರಲ್ಲ! ತಳದ ಅಂಕಿಯನ್ನು ಕಳೆಯಬೇಕು ಎಂದ ತರುಣ. ಯಾವ ತಳ? ಮನೆಗೆ ಬಂದು ಅವ್ವನನ್ನು ಕೇಳಿದೆ.

"ಆಕಿ ಕುಂತ ನೆಲಾ ಕಳಿ" ಎಂದಳು ಅವ್ವ.

ಹಿಂದಿನ ಬೇಸಿಗೆಯಲ್ಲಿ ಹಿನ್ನೀರಿನ ದಂಡೆಯಲ್ಲಿರುವ ಸೋದರಮಾವ ಅವ್ವನಿಗೆ ಫೋನ್ ಮಾಡಿ, "ಅಕ್ಕಾ, ಬೇವಿನ ಬೊಡ್ಡಿ ಎದ್ದೈತಿ" ಎಂದಿದ್ದ. ಆ ಮರದ ಬುಡಕ್ಕೇ ಅಕ್ಕನನ್ನು ಕೂಡಿಸಿದ್ದು. ಕಡಿದ ಮೇಲೆ ಉಳಿದದ್ದು ಬೊಡ್ಡೆ ಮಾತ್ರ. ಆಗ ಅವ್ವ ದವಾಖಾನೆಯಲ್ಲಿದ್ದಳು, ಹೋಗಲು ಆಗಿರಲಿಲ್ಲ. ಆ ದಿನದ ಮಟ್ಟವನ್ನು ಹುಡುಕಿ ತೆಗೆದು ಕಳೆದೆ. ಚಾರ್ಟು ಅಚ್ಚುಕಟ್ಟಾಗಿ ಬಂತು. ಒಂದೊಂದು ಚುಕ್ಕಿಯೂ ಅಕ್ಕನ ಮೇಲಿನ ಒಂದಡಿ ನೀರು ಎಂದು ಆಮೇಲೆ ಹೊಳೆಯಿತು.

ದಿನ ಕಳೆದಂತೆ ಸಾಲುಗಳು ಗಿಡ್ಡಾದವು. ಒಂದು ಬೆಳಿಗ್ಗೆ ತಾರೀಖು ಬಂತು, ಅದರ ಮುಂದೆ ಏನೂ ಬರಲಿಲ್ಲ. ಅವ್ವ ಆ ಖಾಲಿ ಜಾಗದ ಮೇಲೆ ಬೆರಳಿಟ್ಟು, "ಎದ್ದಳು" ಎಂದಳು.

ಗೋಧಿ-ಬೆಲ್ಲದ ಮಾದಲಿ ಮಾಡಿ ಕಟ್ಟಿಕೊಂಡು, ಹೂವು ಹಿಡಿದು, ಆಟೋದಲ್ಲಿ ಹೋದೆವು. ಮಾವ ದಂಡೆಯಲ್ಲಿ ಕಾಯುತ್ತಿದ್ದ. ಎದುರಿಗೆ ನೀರು ನಿಂತೇ ಇತ್ತು, ಬೊಡ್ಡೆಯ ತಲೆಯಷ್ಟೇ ಹೊರಗೆ.

"ಬೊಡ್ಡಿ ಎದ್ದೈತಿ ಅಂದಿದ್ದೆ. ನೆಲಾ ಎದ್ದೈತಿ ಅಂತ ನಾ ಎಲ್ಲಿ ಅಂದೆ?" ಎಂದ ಮಾವ.

ಜೀವಮಾನವಿಡೀ ಗಣಿತ ಕಲಿಸಿದ ನಾನು ಬೊಡ್ಡೆಯ ತಲೆಯನ್ನು ನೆಲವೆಂದು ಹಿಡಿದಿದ್ದೆ. ನಾವು ತಡೆಯುವಷ್ಟರಲ್ಲಿ ಅವ್ವ ನೀರಿಗೆ ಇಳಿದಾಗಿತ್ತು. ಮಾವ ಓಡಿಹೋಗಿ ರಟ್ಟೆ ಹಿಡಿದ. ಅವಳು ಮಾದಲಿಯನ್ನೂ ಹೂವನ್ನೂ ಬೊಡ್ಡೆಯ ಮೇಲಿಟ್ಟಳು. ಆಮೇಲೆ ಬಗ್ಗಿ, ಕೂಸನ್ನು ಮಲಗಿಸುವಾಗ ತಟ್ಟುವ ಹಾಗೆ, ನೀರನ್ನು ಮೆಲ್ಲಗೆ ತಟ್ಟತೊಡಗಿದಳು. ನನಗೆ ನೋಡಲಾಗಲಿಲ್ಲ.

ಮನೆಗೆ ಬಂದು ಅವಳ ಇಳಕಲ್ ಸೀರೆ ಎಲ್ಲಿಯವರೆಗೆ ಒದ್ದೆಯಾಗಿದೆ ಎಂದು ಅಳೆದೆ. ಎರಡಡಿ. ತಳವನ್ನು ಅಷ್ಟು ಕೆಳಗಿಳಿಸಿದ ಕೂಡಲೇ ಖಾಲಿ ಸಾಲಿನಲ್ಲಿ ಎರಡು ಚುಕ್ಕಿ ಬಂದು ಕೂತವು.

ಆ ಬೇಸಿಗೆ ನೀರು ಮತ್ತೆ ಇಳಿಯಲಿಲ್ಲ. ಘಟ್ಟದಲ್ಲಿ ಮಳೆ ಹಿಡಿದು ಹೊಳೆ ಬಂತು. ಸಾಲುಗಳು ದಿನದಿನಕ್ಕೆ ಉದ್ದವಾದವು, ಬೊಡ್ಡೆ ಮುಳುಗಿತು ಎಂದು ಮಾವ ಫೋನ್ ಮಾಡಿದ. ಅವತ್ತು ಪೇಪರು ಬಂದಾಗಲೂ ಅವ್ವ ನನ್ನ ಪಕ್ಕದಲ್ಲಿ ಬಂದು ಕೂತಳು.

"ಇವತ್ತ ಎಷ್ಟ ಆಗ್ಯಾವ?"

"ಭಾಳ ಆಗ್ಯಾವ ಯವ್ವಾ."

ಅವಳು ಚುಕ್ಕಿಗಳ ಗುಂಟ ಬೆರಳು ಎಳೆಯುತ್ತ ಸಾಲಿನ ಕೊನೆಯವರೆಗೆ ಹೋದಳು.

"ಆಕಿಗೆ ಈಸಾಕ ಬರೂದಿಲ್ಲ" ಎಂದಳು.